ಮೊಲದ ಕತ್ತಿಗೆ ಮಸಿ ಹತ್ತಿದ್ದು

ಇದು ನಡೆದದ್ದು ಲೋಕ ಹೊಸದಾಗಿದ್ದಾಗ, ನವಣೆ ಕೊಯ್ಲು ಮುಗಿದು ಹುಣ್ಣಿಮೆಗೆ ಹನ್ನೆರಡು ದಿನ ಉಳಿದಿದ್ದಾಗ.

ಆಗ ಗಾಳಿ ಮಾತಾಡುತ್ತಿತ್ತು. ಹೊಳೆ ಮಾತಾಡುತ್ತಿತ್ತು. ಮೊಲವೂ ಮಾತಾಡುತ್ತಿತ್ತು. ಮೊಲದ ಮೈ ಕಿವಿಯಿಂದ ಬಾಲದವರೆಗೆ ಒಣಹುಲ್ಲಿನ ಒಂದೇ ಬಣ್ಣ. ಎದ್ದರೆ ಓಡುವುದು, ಓಡಿದರೆ ನಿಲ್ಲದಿರುವುದು, ಅಷ್ಟೇ ಅದಕ್ಕೆ ಗೊತ್ತಿತ್ತು.

ಕಲ್ಲುಗುಡ್ಡದ ಕೆಳಗೆ, ಕುರುಚಲು ಕಾಡಿನ ಅಂಚಿನಲ್ಲಿ ಕೆಂಚಿ ಎಂಬ ಹುಡುಗಿ ಅಪ್ಪನ ಜೊತೆ ಇದ್ದಳು. ಅವಳ ಅಕ್ಕ ಮಾಳಕ್ಕನನ್ನು ಹೊಳೆಯ ಆಚೆಗೆ ಮದುವೆ ಮಾಡಿ ಕೊಟ್ಟಿದ್ದರು. ಮೂರು ಚಳಿಗಾಲ ಕಳೆದಿತ್ತು. ಅಕ್ಕ ಒಮ್ಮೆಯೂ ತವರಿಗೆ ಬಂದಿರಲಿಲ್ಲ.

ಅವಳಿಗೆ ಮನಸ್ಸಿಲ್ಲದೆ ಅಲ್ಲ. ಆ ಸೀಮೆಯ ಪದ್ಧತಿ ಹಾಗಿತ್ತು. ಕೊಯ್ಲಾದ ಮೇಲೆ, ಹುಣ್ಣಿಮೆಯೊಳಗೆ, ತವರಿನವರು ತಾವೇ ಹಿಡಿದ ಮೊಲವೊಂದನ್ನು ಮಗಳ ಅತ್ತೆಮನೆಯ ಅಂಗಳಕ್ಕೆ ಒಯ್ಯಬೇಕು. ಹಿಡಿಯುವ ಕೈಗೆ ತಮ್ಮ ಒಲೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿಕೊಂಡಿರಬೇಕು. ಮೊಲದ ಮೈಗೆ ಹತ್ತಿದ ಮಸಿಯನ್ನು ನೋಡಿ ಮಗಳು, ಇದು ನಮ್ಮ ಒಲೆಯದು ಅನ್ನಬೇಕು. ಆಮೇಲೆ ಎರಡೂ ಮನೆಯವರು ಕೂತು ಅದರ ಸಾರು ಉಣ್ಣುತ್ತಾರೆ, ಮಗಳು ತವರಿಗೆ ಹೊರಡುತ್ತಾಳೆ. ಹುಣ್ಣಿಮೆ ದಾಟಿತೋ, ಬೇಟೆ ನಿಂತಿತು. ಮತ್ತೆ ಮುಂದಿನ ಕೊಯ್ಲೇ.

ಅಪ್ಪ ಬಯ್ಯಣ್ಣನ ಮೊಣಕಾಲನ್ನು ಮಾಳಕ್ಕನ ಮದುವೆಯಾದ ವರ್ಷವೇ ಕಾಡುಹಂದಿ ಮುರಿದಿತ್ತು. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಮೂರು ಹುಣ್ಣಿಮೆ ಸುಮ್ಮನೆ ದಾಟಿಹೋಗಿದ್ದವು.

ನಾಲ್ಕನೆಯ ಸಲ ಕೆಂಚಿ, ನಾನು ಹೋಗುತ್ತೇನೆ ಅಂದಳು.

ಬಯ್ಯಣ್ಣ ನಕ್ಕ. "ನಿನ್ನ ಕಾಲಿನ ಸದ್ದಿಗೆ ಮೊಲ ಅಷ್ಟೇ ಅಲ್ಲ ಕಣವ್ವ, ಮಲಗಿದ ಬಂಡೆಯೂ ಎದ್ದು ಓಡುತ್ತೆ."

"ಹಾಗಾದರೆ ನಡೆಯೋದನ್ನ ಕಲಿಸು," ಅಂದಳು.

ಅಪ್ಪ ನಗು ನಿಲ್ಲಿಸಿ ಅವಳನ್ನೇ ನೋಡಿದ. ಕಲಿಸಿದ.

ಮೊದಲ ಮೂರು ದಿನ ಬಲೆ ಮುಟ್ಟಬಾರದು, ಬರಿಗೈಯಲ್ಲಿ ಹೋಗಿ ನೋಡಿಕೊಂಡು ಬರಬೇಕು ಎಂದ. ಕೆಂಚಿ ನೋಡಿದಳು. ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ ಹಿಕ್ಕೆ ಹಳೆಯದು, ಕಪ್ಪಗೆ ಹಸಿಯಾಗಿದ್ದರೆ ಬೆಳಗಿನ ಜಾವದ್ದು. ಮೊಲ ಓಡಿದ ಮಣ್ಣಿನಲ್ಲಿ ಹಿಂಗಾಲಿನ ಗುರುತು ಮುಂಗಾಲಿನದಕ್ಕಿಂತ ಮುಂದೆ ಬಿದ್ದಿರುತ್ತದೆ. ಮೊಲ ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ತನ್ನ ಮೈಯಳತೆಯ ತಗ್ಗು ಮಾಡಿಕೊಂಡು ಹಗಲೆಲ್ಲ ಕೂತಿರುತ್ತದೆ. ಇದನ್ನೆಲ್ಲ ಸಂಜೆ ಬಂದು ಅಪ್ಪನಿಗೆ ಒಪ್ಪಿಸಿದಳು.

"ಮರಿಗೆ ಹಾಲೂಡುವ ಮೊಲ ಕಂಡರೆ?"

"ಮುಟ್ಟಬಾರದು. ಬಂದ ದಾರಿಯಲ್ಲೇ ವಾಪಸು."

"ಹೂಂ," ಅಂದ ಬಯ್ಯಣ್ಣ. ಪುಂಡಿ ನಾರಿನ ಬಲೆಯನ್ನು ಅವಳ ಮಡಿಲಿಗೆ ಹಾಕಿದ.

ಮೊಲ ದಿನವೂ ಓಡಾಡುವ ದಾರಿ ಎರಡು ಮುಳ್ಳುಪೊದೆಗಳ ನಡುವೆ ಕಿರಿದಾಗುತ್ತದೆ. ಅಲ್ಲಿ ಬಲೆ ಕಟ್ಟಬೇಕು. ಆಮೇಲೆ ಸುತ್ತಿ ಬಳಸಿ ಆ ಕಡೆಯಿಂದ ಮೆಲ್ಲಗೆ ನಡೆದು ಬರಬೇಕು. ಕೇಳಲು ಸುಲಭ. ಕೆಂಚಿ ನಾಲ್ಕನೆಯ ದಿನ ಕಟ್ಟಿದಳು, ಮೊಲ ಬೀಳಲಿಲ್ಲ. ಐದನೆಯ ದಿನವೂ ಬೀಳಲಿಲ್ಲ. ಆರನೆಯ ದಿನ ಹುಲ್ಲಿನೊಳಗಿಂದ ಮೊಲದ ದನಿ ಕೇಳಿಸಿತು. ಇವತ್ತು ಯಾರೋ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ ಹಾಗಿದೆ, ಎಲ್ಲಾದರೂ ಮದುವೆಯೋ ಏನೋ ಅಂದು, ಅದು ಬೇರೆ ದಿಕ್ಕಿಗೆ ಹಾರಿ ಹೋಯಿತು.

ಕೆಂಚಿ ಗಾಳಿಯನ್ನು ಬೈದಳು.

ಗಾಳಿ ಬೇಸರ ಮಾಡಿಕೊಳ್ಳಲಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವುದು ನನ್ನ ಕೆಲಸ, ನೀನು ನನಗೆ ಬೆನ್ನು ಕೊಟ್ಟು ನಡೆದರೆ ನಾನೇನು ಮಾಡಲಿ, ಎದುರಾಗಿ ಬಾ ಎಂದಿತು. ಒಂದು ಹಿಡಿ ಹುಡಿಮಣ್ಣು ತೂರಿದರೆ ತಾನು ಎತ್ತ ಹೊರಟಿದ್ದೇನೆಂದು ತಿಳಿಯುತ್ತದೆ ಎಂದೂ ಹೇಳಿಕೊಟ್ಟಿತು.

ಕೆಂಚಿ ಮಣ್ಣು ತೂರಿದಳು. ಗಾಳಿ ಹೊಳೆಯ ಕಡೆಯಿಂದ ಬರುತ್ತಿತ್ತು.

"ಗಾಳಿಮಾವ, ಆಚೆ ನಮ್ಮ ಅಕ್ಕ ಕಂಡಳಾ?"

"ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಳು. ಆ ಧೂಳನ್ನ ನಿನ್ನ ಹತ್ತಿರ ತಂದಿದ್ದೆ. ನಿನ್ನ ಕಣ್ಣಿಗೆ ಬಿತ್ತು. ನೀನು ಉಜ್ಜಿ ಹಾಕಿಬಿಟ್ಟೆ."

ಆ ದಿನದಿಂದ ಕೆಂಚಿ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಗಾಳಿಗೆ ಎದುರಾಗಿಯೇ ನಡೆದಳು. ಕಣ್ಣಿಗೆ ಧೂಳು ಬಿದ್ದರೆ ಉಜ್ಜಲಿಲ್ಲ.

ಹನ್ನೊಂದನೆಯ ದಿನವೂ ಹೋಯಿತು. ಉಳಿದದ್ದು ಒಂದು.

ಹನ್ನೆರಡನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಕೆಂಚಿ ಮಸಿ ಕಲಸಿದಳು. ಬೆರಳ ತುದಿಗೆ ಮಾತ್ರ, ತೆಳ್ಳಗೆ, ಎಂದು ಅಪ್ಪ ಹೇಳಿದ್ದ. ಕೆಂಚಿಗೆ ಅದು ಸಾಲದು ಅನಿಸಿತು. ಮೂರು ವರ್ಷವಾಗಿದೆ, ಅಕ್ಕನಿಗೆ ದೂರದಿಂದಲೇ ಕಾಣಬೇಕು. ಇನ್ನಷ್ಟು ಮಸಿ ಕೆರೆದು ಹಾಕಿದಳು. ಅದಕ್ಕೆ ತಕ್ಕಷ್ಟು ಎಣ್ಣೆ ಹೊಯ್ದಳು. ಅಂಗೈ ತುಂಬ, ಮಣಿಕಟ್ಟಿನವರೆಗೆ, ದಪ್ಪಗೆ ಬಳಿದುಕೊಂಡಳು.

ಅಂದು ಮೊಲ ಬಲೆಗೆ ಬಿತ್ತು.

ಮೊದಲು ಹಿಂಗಾಲು ಹಿಡಿ ಎಂದು ಅಪ್ಪ ಹೇಳಿದ್ದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕತ್ತಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದು ಎದೆಗೆ ಒತ್ತಿಕೊಂಡಳು. ಅದರ ಎದೆ ಅವಳ ಎದೆಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೊಳೆಯ ಕಡೆ ಹೆಜ್ಜೆ ಹಾಕಿದಳು.

"ಎಲ್ಲಿಗೆ?" ಎಂದಿತು ಮೊಲ.

"ಅಕ್ಕನ ಮನೆಗೆ."

"ಅಲ್ಲಿ ನನಗೇನು ಕೆಲಸ?"

ಕೆಂಚಿಗೆ ಸಾರಿನ ಮಾತು ಹೇಳಲಾಗಲಿಲ್ಲ. "ಅಕ್ಕ ನಿನ್ನನ್ನ ನೋಡಬೇಕು," ಅಂದಳು. ಅದು ಸುಳ್ಳಾಗಿರಲಿಲ್ಲ.

ಹೊಳೆಯ ದಂಡೆ ಕಂಡಿತು. ಮೈಯ ಬಿಸಿಗೆ ಎಣ್ಣೆ ಕರಗಿತ್ತು. ಕೆಂಚಿ ಹಿಡಿ ಬಿಗಿ ಮಾಡಿದಳು, ಅದು ಮತ್ತೂ ಜಾರಿತು. ಮೊಲ ಒಮ್ಮೆ ಮೈ ಕೊಡವಿತು, ಅವಳ ಕೈ ಬರಿದಾಯಿತು.

"ನಿಲ್ಲು," ಎಂದು ಕೂಗಿದಳು ಕೆಂಚಿ. "ಅಕ್ಕನಿಗೆ ಒಂದು ಮಾತು ಹೇಳು."

ಅಲ್ಲಿಯವರೆಗೆ ಯಾವ ಮೊಲವೂ ಓಡುತ್ತಾ ನಿಂತದ್ದಿಲ್ಲ. ಇದು ನಿಂತಿತು. ತಿರುಗಿತು. ಕಿವಿ ನೆಟ್ಟಗೆ ಮಾಡಿತು. ಅದರ ಕತ್ತಿನ ಹಿಂದೆ ಅವಳ ಕೈಯಷ್ಟೂ ಕಪ್ಪಗೆ ಕೂತಿತ್ತು.

ಹೇಳಲು ಮೂರು ವರ್ಷದ ಮಾತಿತ್ತು. ಅಪ್ಪನ ಕಾಲಿನದು, ಸತ್ತ ಕೆಂದ ಹಸುವಿನದು, ಅಕ್ಕ ಮಲಗುತ್ತಿದ್ದ ಜಾಗದಲ್ಲಿ ತಾನು ಇನ್ನೂ ಮಲಗದೆ ಇರುವುದು. ಯಾವುದು ಮೊದಲು ಎಂದು ತಿಳಿಯಲಿಲ್ಲ. ಬಾಯಿ ತೆರೆದಳು, ಒಂದೂ ಬರಲಿಲ್ಲ.

ಮೊಲ ಕಾಯಿತು. ಆಮೇಲೆ ಹೊಳೆಗೆ ಇಳಿದು, ಕಲ್ಲಿನಿಂದ ಕಲ್ಲಿಗೆ ಹಾರುತ್ತ ಆಚೆಗೆ ಹೋಯಿತು.

ಅದು ನಿಂತ ಜಾಗದವರೆಗೆ ಕೆಂಚಿ ನಡೆದು ಹೋದಳು. ನಲವತ್ತು ಹೆಜ್ಜೆ. ಅಲ್ಲೇ ಕೂತಳು. ಅವಳು ಕೂತಿದ್ದಂತೆಯೇ ಎದುರು ದಂಡೆಯ ಮೇಲೆ ಹುಣ್ಣಿಮೆಯ ಚಂದ್ರ ಹುಟ್ಟಿದ.

ಮರುದಿನ ಬೆಳಿಗ್ಗೆ ಅವಳು ನೀರಿಗೆ ಬಂದಾಗ ಹೊಳೆ ನಡೆದದ್ದನ್ನು ಹೇಳಿತು. ಮಾಳಕ್ಕ ಅತ್ತೆಯ ಜೊತೆ ಹುರುಳಿ ಕೀಳುತ್ತಿದ್ದಳಂತೆ. ಮೊಲ ಬದುವಿನ ಮೇಲೆ ಬಂದು, ನನ್ನನ್ನು ನೋಡಬೇಕಾದ ಅಕ್ಕ ಯಾರು ಎಂದು ಕೇಳಿತಂತೆ. ಮಾಳಕ್ಕ ಕೈಯಲ್ಲಿದ್ದ ಹುರುಳಿ ಗಿಡ ಕೆಳಗಿಟ್ಟು ಹತ್ತಿರ ಹೋದಳಂತೆ.

"ನಮ್ಮ ಒಲೆಯದು ಅಂದಳಾ?"

"ಅಂದಳು. ಮಸಿಯ ಗುರುತಿನ ಮೇಲೆ ತನ್ನ ಕೈ ಇಟ್ಟು ನೋಡಿದಳು. ಇಷ್ಟು ದೊಡ್ಡ ಕೈಯೇ, ನಾನು ಬರುವಾಗ ಇದು ನನ್ನ ಅಂಗೈಯೊಳಗೆ ಅಡಗುತ್ತಿತ್ತಲ್ಲ, ಅಂದಳು."

ಕೆಂಚಿ ತನ್ನ ಕೈಯನ್ನು ನೋಡಿಕೊಂಡಳು. ಮಸಿ ಇನ್ನೂ ಹೋಗಿರಲಿಲ್ಲ.

ಅತ್ತೆ ಏನಂದಳು ಎಂಬುದನ್ನೂ ಹೊಳೆ ಹೇಳಿತು. ಮೊಲ ಬಂತು, ಹಿಡಿದ ಕೈ ಬರಲಿಲ್ಲ, ಇನ್ನು ಮುಂದಿನ ಕೊಯ್ಲಿಗೆ ಅಂದಳಂತೆ. ಅಂದವಳು ಹೊರಡದೆ, ಮೊಲ ಹೋದ ದಾರಿಯನ್ನೇ ನೋಡುತ್ತ ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದಳಂತೆ. ಅವಳಿಗೂ ಎಲ್ಲೋ ಒಂದು ತವರಿತ್ತು.

ಆ ವರ್ಷವೆಲ್ಲ ಕೆಂಚಿ ಸಂಜೆಯ ಹೊತ್ತು ದಂಡೆಯ ಆ ಜಾಗಕ್ಕೆ ಹೋಗಿ, ಅಕ್ಕನಿಗೆ ಹೇಳಬೇಕಾದ ಮಾತನ್ನು ಕೂಡಿಸಿಕೊಂಡಳು. ಉದ್ದವಾದರೆ ಕಡಿಮೆ ಮಾಡಿದಳು. ಕಡಿಮೆಯಾದರೆ ಮತ್ತೆ ಸೇರಿಸಿದಳು.

ಮುಂದಿನ ಕೊಯ್ಲು ಮುಗಿದ ಎರಡನೆಯ ದಿನವೇ ಮೊಲ ಹಿಡಿದಳು. ಗಾಳಿಗೆ ಎದುರಾಗಿ ಬಂದು, ಬೆರಳ ತುದಿಗೆ ಮಾತ್ರ ಮಸಿ ಹಚ್ಚಿಕೊಂಡು, ಮೊದಲು ಹಿಂಗಾಲು ಹಿಡಿದಳು. ಅದು ಮಸಿ ಹತ್ತಿದ ಆ ಮೊಲಕ್ಕೆ ಹೋದ ಬೇಸಿಗೆಯಲ್ಲಿ ಹುಟ್ಟಿದ ಮರಿ. ಅದರ ಕತ್ತಿನ ಹಿಂದೆ ಆಗಲೇ ಕಪ್ಪಿತ್ತು.

ಬಯ್ಯಣ್ಣ ಅದರ ಕತ್ತನ್ನು ಉಜ್ಜಿ ನೋಡಿದ. ಬಣ್ಣ ಬಿಡಲಿಲ್ಲ. "ಎಷ್ಟು ಬಳಿದಿದ್ದೆಯೇ ತಾಯಿ," ಅಂದ.

ಕೆಂಚಿ ಹೊಳೆ ದಾಟಿದಳು. ಅಕ್ಕ ಅಂಗಳದಲ್ಲೇ ಇದ್ದಳು. ಕೂಡಿಸಿಟ್ಟ ಮಾತನ್ನು ಹೇಳಲು ಕೆಂಚಿ ಬಾಯಿ ತೆರೆದಳು, ಈಗಲೂ ಒಂದೂ ಬರಲಿಲ್ಲ. ಮಾಳಕ್ಕ ಮಸಿ ಹತ್ತಿದ ಆ ಕೈಯನ್ನು ತೆಗೆದುಕೊಂಡು ತನ್ನ ಅಂಗೈಯೊಳಗೆ ಇಟ್ಟು ಮುಚ್ಚಲು ನೋಡಿದಳು. ಅದು ಅಡಗಲಿಲ್ಲ.

"ಉಂಡು ಹೊರಡೋಣ," ಅಂದಳು ಅಕ್ಕ.

ಹಾಗೆ ಆ ಮಾತು ಹೇಳದೆಯೇ ಉಳಿಯಿತು. ಮೊಲಗಳಿಗೆ ಇದು ಗೊತ್ತಿಲ್ಲ. ಮಾತು ಇನ್ನೂ ಬರಲಿದೆ ಎಂದುಕೊಂಡಿವೆ.

ಸಂಜೆ ಹುರುಳಿ ಹೊಲದ ಬದುವಿನ ಮೇಲೆ ನಡೆದು ನೋಡು, ಮಗು. ನಿನ್ನ ಕಾಲ ಸದ್ದಿಗೆ ಮೊಲ ಎದ್ದು ಓಡುತ್ತದೆ. ಓಡಿದ್ದು ನಿಲ್ಲುತ್ತದೆ, ಕಿವಿ ನೆಟ್ಟಗೆ ಮಾಡಿ ತಿರುಗುತ್ತದೆ, ಕತ್ತಿನ ಹಿಂದೆ ಕಪ್ಪು ಕಾಣುತ್ತದೆ. ಅದಕ್ಕೂ ನಿನಗೂ ನಡುವೆ ನಲವತ್ತು ಹೆಜ್ಜೆ.