ಏಳನೆಯ ಸಾಲಿನವರೆಗೆ

ತನುಜಾ ಒಂದು ಗ್ರಂಥಾಲಯದ ಜಾಲತಾಣಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಕೋಡ್ ಬರೆಯುತ್ತಿದ್ದಳು. ಕೋಡ್ ಎಡವಿದಾಗಲೆಲ್ಲ ಸ್ಟ್ಯಾಕ್ ಟ್ರೇಸ್ ಎಂಬ ಏಳು ಸಾಲಿನ ದೋಷವರದಿ ಪರದೆಗೆ ಬರುತ್ತಿತ್ತು. ಕೋಡಿನ ತುಣುಕುಗಳಾದ ಫಂಕ್ಷನ್‌ಗಳಲ್ಲಿ ಯಾವುದು ಯಾವುದನ್ನು ಕೆಲಸಕ್ಕೆ ಕರೆಯಿತು ಎಂಬುದನ್ನೆಲ್ಲ ಅದು ಹೊತ್ತು ತರುತ್ತಿತ್ತು. ತನುಜಾ ಮೊದಲ ಸಾಲನ್ನಷ್ಟೇ ನೋಡಿ ಅಳಿಸಿಬಿಡುತ್ತಿದ್ದಳು. ಒಮ್ಮೆಯಾದರೂ ಯಾರಾದರೂ ತನ್ನನ್ನು ಪೂರ್ತಿ ಓದಲಿ ಎಂದು ಟ್ರೇಸ್ ಹಂಬಲಿಸುತ್ತಿತ್ತು.

ಒಂದು ದಿನ ಪರದೆಯ ಮೇಲೆ ಮಿನುಗುವ ಕರ್ಸರ್ ಟ್ರೇಸ್ ಮೇಲೆ ಸಿಡುಕಿತು: "ನೀನು ಹೇಳಿದ ಜಾಗವನ್ನು ಮೂರು ಸಲ ತಿದ್ದಿದೆವು. ಸುಳ್ಳು ಹೇಳುತ್ತೀಯಾ?"

"ಕೋಡ್ ಬಿದ್ದ ಜಾಗ ಮೊದಲ ಸಾಲಿನಲ್ಲಿದೆ," ಎಂದಿತು ಟ್ರೇಸ್. "ಅಲ್ಲಿಗೆ ಬಂದ ದಾರಿ ಕೆಳಗಿದೆ. ಇಳಿದು ಬಾ."

ಕರ್ಸರ್ ಒಂದೊಂದೇ ಸಾಲು ಇಳಿಯಿತು. ತನುಜಾಳ ಕಣ್ಣೂ ಅದರ ಹಿಂದೆಯೇ ಇಳಿಯಿತು. ಏಳನೆಯ ಸಾಲು ತೋರಿಸಿದ ಫಂಕ್ಷನ್ ಪುಸ್ತಕದ ಹೆಸರನ್ನೇ ಕೊಡದೆ ಮುಂದಿನದನ್ನು ಕರೆದಿತ್ತು.

"ಇದನ್ನು ಸರಿಪಡಿಸಿದರೆ ನೀನು ಮತ್ತೆ ಬರುವುದಿಲ್ಲವಲ್ಲ?" ಎಂದು ಕರ್ಸರ್ ಮೆತ್ತಗೆ ಕೇಳಿತು.

"ಬರುವುದಿಲ್ಲ. ಪೂರ್ತಿ ಓದಿದಿರಲ್ಲ, ಅಷ್ಟು ಸಾಕು."

ತನುಜಾ ಹೆಸರು ಸೇರಿಸಿದಳು. ಪುಸ್ತಕಗಳ ಪಟ್ಟಿ ತೆರೆದುಕೊಂಡಿತು. ಟ್ರೇಸ್ ಇದ್ದ ಖಾಲಿ ಜಾಗದಲ್ಲಿ ಕರ್ಸರ್ ಬಹಳ ಹೊತ್ತು ಮಿನುಗುತ್ತ ನಿಂತಿತ್ತು.