ರೇಷ್ಮೆಹುಳುವಿಗೆ ಹೆದರಿದ ಸೊಸೆ

"ಗುರುಗಳೇ, ಪ್ರಾಣಿಗಳ ಭಯ ಮನುಷ್ಯನಿಗೆ ಹುಟ್ಟಿನಿಂದ ಬರುತ್ತದೆಯೋ, ಬೆಳೆಯುತ್ತಾ ಕಲಿಯುತ್ತಾನೋ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಅವನಿಗೆ ನಾಯಿ ಎಂದರೆ ಆಗುತ್ತಿರಲಿಲ್ಲ. ಭಿಕ್ಷೆಗೆ ಹೊರಟರೆ ನಾಯಿಗಳಿರುವ ಬೀದಿಯನ್ನು ಬಿಟ್ಟು ಸುತ್ತು ಹಾಕಿ ಬರುತ್ತಿದ್ದ. ಹುಟ್ಟಿನಿಂದ ಬಂದ ಭಯವಾದರೆ ತಾನು ಮಾಡುವಂಥದ್ದು ಏನೂ ಇಲ್ಲ, ಕಲಿತದ್ದಾದರೆ ಆಮೇಲೆ ನೋಡಬಹುದು ಎಂದುಕೊಂಡಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಆ ಮನೆಗೆ, ಹುಳು ಸಾಕದ ಊರಿನಿಂದ ಸೊಸೆ ಬಂದಳು. ತಟ್ಟೆಯ ತುಂಬ ಹರಿದಾಡುವ ಹುಳುಗಳನ್ನು ಮೊದಲ ದಿನ ಕಂಡಾಗ ಅವಳ ಮೈ ಜುಮ್ಮೆಂದಿತು. ಹುಳುವಿಗೆ ಹೆದರುವ ಸೊಸೆ ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ನಗುಮುಖ ಮಾಡಿಕೊಂಡೇ ಹಿಪ್ಪುನೇರಳೆ ಸೊಪ್ಪು ಹಾಕಿದಳು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಹೆಣ್ಣುಮಗು ಹುಟ್ಟಿತು. ತನ್ನ ಭಯ ಮಗುವಿಗೆ ಅಂಟಬಾರದೆಂದು ಅವಳು ಇನ್ನಷ್ಟು ಎಚ್ಚರವಾದಳು. ಸೊಪ್ಪು ಹಾಕಲು ಎರಡು ಕೈಯೂ ಬೇಕು. ಆದ್ದರಿಂದ ಆ ಮನೆಯ ಹೆಂಗಸರು ಕೂಸನ್ನು ಹಳೆಯ ಸೀರೆಯಿಂದ ಮೈಗೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುವುದು ವಾಡಿಕೆ. ಅವಳೂ ಹಾಗೇ ಮಾಡಿದಳು. ಪ್ರತಿ ತಟ್ಟೆಯ ಮುಂದೆ ನಿಂತು, ನೋಡು ಎಂಥ ಬಂಗಾರದ ಹುಳು ಎಂದು ಮಗುವಿಗೆ ತೋರಿಸುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಮಗು ಹುಳುಮನೆಯ ಬಾಗಿಲು ಕಂಡರೆ ಸಾಕು, ಕಿರುಚತೊಡಗಿತು.

ಇದು ತಾಯಿಯ ಕಡೆಯ ರಕ್ತದಲ್ಲಿ ಬಂದದ್ದು ಎಂದು ಮಾವ ಹೇಳಿದ. ರಕ್ತವೂ ಅಲ್ಲ ಮಣ್ಣೂ ಅಲ್ಲ, ಯಾರೋ ಹೆದರಿಸಿದ್ದಾರೆ ಎಂದು ಗಂಡ ಹೇಳಿದ. ಊಟಕ್ಕೆ ಕೂತಾಗಲೆಲ್ಲ ಅಪ್ಪ ಮಗನಿಗೆ ಇದೇ ವಾದ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಪ್ಪಿದರು. ಹುಳುಗಳು ಕೊನೆಯ ಸಲ ಪೊರೆ ಕಳಚಿ ಎದ್ದ ಮೇಲೆ ಎಡೆಬಿಡದೆ ಸೊಪ್ಪು ತಿನ್ನುತ್ತವೆ, ಆಗ ಅಳುವ ಮಗುವನ್ನು ಎತ್ತಿಕೊಂಡು ಕೂರುವಷ್ಟು ಬಿಡುವು ಯಾರಿಗೂ ಇರುವುದಿಲ್ಲ. ಮಗುವನ್ನು ಸೊಸೆಯ ತವರಿಗೆ ಬಿಟ್ಟುಬರಬೇಕು. ವರ್ಷಕ್ಕೆ ಐದು ಬೆಳೆ ತೆಗೆಯುವ ಮನೆ ಅದು. ಒಮ್ಮೆ ಬಿಟ್ಟುಬಂದರೆ ಮಗು ಅಲ್ಲೇ ಬೆಳೆಯುತ್ತದೆ, ತನ್ನ ಕೈಗೆ ಮತ್ತೆ ಸಿಗುವುದಿಲ್ಲ ಎಂದು ಸೊಸೆಗೆ ತಿಳಿದಿತ್ತು.

ಹೊರಡುವ ಹಿಂದಿನ ದಿನ ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಮಗುವನ್ನು ತಾನು ಕಟ್ಟಿಕೊಂಡು ಹುಳುಮನೆಗೆ ಹೋದಳು. ಬಾಗಿಲಲ್ಲಿ ಒಂದಿಷ್ಟು ಅಳು ಕೇಳಿಸಿತು, ಆಮೇಲೆ ನಿಂತಿತು. ಸೊಸೆ ಹೋಗಿ ಇಣುಕಿದಳು. ಮಗು ಅಜ್ಜಿಯ ತೋಳಿನ ಪಕ್ಕದಿಂದ ಬಗ್ಗಿ ತಟ್ಟೆಯನ್ನು ನೋಡುತ್ತಿತ್ತು.

ಅವಳು ಅಲ್ಲೇ ನಿಂತುಬಿಟ್ಟಳು. ಬಾಯಿ ಬಂಗಾರ ಎನ್ನುವಾಗ ತಟ್ಟೆ ತಟ್ಟೆಗೂ ತನ್ನ ಉಸಿರು ಕಟ್ಟುತ್ತಿತ್ತು, ಹೊಟ್ಟೆ ಬಿಗಿಯುತ್ತಿತ್ತು. ಮಗುವನ್ನು ಕಟ್ಟಿಕೊಂಡಿದ್ದದ್ದು ಆ ಹೊಟ್ಟೆಗೇ.

"ಅತ್ತೆ, ನನಗೆ ಹುಳು ಕಂಡರೆ ಭಯ. ಬಂದ ದಿನದಿಂದಲೂ" ಎಂದಳು.

"ಅದಕ್ಕೇ ಹುಳುಗಳನ್ನು ನೋಡಿ ಬೀಗರನ್ನು ಕಂಡ ಹಾಗೆ ನಗುತ್ತಿದ್ದೆ ಅನ್ನು" ಎಂದಳು ಅತ್ತೆ. "ನಾನು ಬಂದ ಹೊಸತರಲ್ಲಿ ತಟ್ಟೆ ಎತ್ತಿಹಾಕಿ ಹಿತ್ತಲಿಗೆ ಓಡಿದ್ದೆ. ಮೊದಲು ಯಾರ ಮೈಯಾದರೂ ಬೆಚ್ಚುತ್ತದೆ ಕಣೆ. ಬಾ, ನನ್ನ ಪಕ್ಕದಲ್ಲಿ ನಿಂತುಕೋ."

ಈ ಬೆಳೆ ಮುಗಿಯುವವರೆಗೆ ಮಗು ಎಲ್ಲಿಗೂ ಹೋಗುವುದಿಲ್ಲ ಎಂದು ಅತ್ತೆ ಜಗಲಿಯಲ್ಲಿದ್ದ ಗಂಡಸರಿಗೆ ಕೂಗಿ ಹೇಳಿದಳು. ಅವರು ಇದು ರಕ್ತವೋ ಅಭ್ಯಾಸವೋ ಎಂದು ಮತ್ತೆ ಶುರು ಮಾಡಿದರು.

ಸೊಪ್ಪು ಹಾಕುವ ಹೊತ್ತಾಗಿತ್ತು. ಸೊಸೆ ಒಂದು ಹುಳುವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಈ ಸಲ ನಗಲಿಲ್ಲ. ಕಟ್ಟಿದ ಉಸಿರನ್ನು ಬಿಟ್ಟಳು, ಮತ್ತೆ ಎಳೆದುಕೊಂಡಳು. ಹುಳು ತಣ್ಣಗಿತ್ತು. ಅತ್ತೆಯ ಮೈಮೇಲಿದ್ದ ಮಗು ಅಮ್ಮನ ಮುಖ ನೋಡಿತು, ಕೈ ನೋಡಿತು.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಅವಳು ಮಗುವನ್ನು ತಾನೇ ಕಟ್ಟಿಕೊಂಡಳು. ಮಗು ಅತ್ತಿತು. ಅವಳು ಬಾಗಿಲವರೆಗೆ ಹಿಂದಕ್ಕೆ ಬಂದು, ಉಸಿರು ನೆಟ್ಟಗಾದ ಮೇಲೆ ಮತ್ತೆ ಒಳಗೆ ಹೋದಳು. ಆರನೆಯ ದಿನ ಮಗು ಒಂದು ಎಲೆಯ ಚೂರನ್ನು ತಟ್ಟೆಗೆ ಎಸೆದು, ಇನ್ನೊಂದು ಬೇಕೆಂದು ಕೈ ಚಾಚಿತು. ಸೊಸೆಯ ಮೈ ಈಗಲೂ ಒಮ್ಮೊಮ್ಮೆ ಜುಮ್ಮೆನ್ನುತ್ತಿತ್ತು. ಉಸಿರು ಮಾತ್ರ ಕಟ್ಟುತ್ತಿರಲಿಲ್ಲ. ತವರಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಕತೆ ಮುಗಿಯಿತು. ಸಂಗಯ್ಯ ಎರಡೂ ವಾದಗಳನ್ನು ತೂಗಿ ನೋಡಿದ. ಯಾರ ಮೈಯಾದರೂ ಬೆಚ್ಚುತ್ತದೆ ಎಂದರೆ ಮಾವ ಹೇಳಿದ್ದು ಸರಿ. ಮಗುವಿಗೆ ತಾಯಿಯಿಂದ ತಗುಲಿತು ಎಂದರೆ ಗಂಡ ಹೇಳಿದ್ದು ಸರಿ. ಹಾಗಾದರೆ ಕೊನೆಗೆ ಗೆದ್ದದ್ದು ಯಾರ ವಾದ ಎಂದು ಕೇಳಿದ.

ಗುರುಗಳು ಹೇಳಿದರು: "ಅದು ತೀರ್ಮಾನವಾಗಲಿ ಎಂದು ಸೊಸೆ ಕಾಯಲಿಲ್ಲ, ಸಂಗಯ್ಯ."