ಶೇಂಗಾ ಹಿಂಡಿಯ ಬೆಲೆ

ಮೇ ಹತ್ತು, ದಿಲ್ಲಿಯಲ್ಲಿ ಬಿಸಿಗಾಳಿ. ಔತಣದ ಮನೆಯಲ್ಲಿ ‘ದಕ್ಷಿಣ’ ಎಂದು ಬರೆದ ಮೇಜಿಗೆ ಬೀದರಿನ ಜೋಳದ ರೊಟ್ಟಿ ಬಂದಿತು. ಜಾಗ ಸಿಗದಿದ್ದರೆ ಅಡುಗೆಮನೆಗೆ ವಾಪಸ್ಸು.

“ಇದು ಅಕ್ಕಿಯವರ ಸಾಲು. ನೀವು ಉತ್ತರದವರಲ್ಲವೇ?” ಎಂದಿತು ಇಡ್ಲಿ.

“ಅಲ್ಲಿಗೂ ಹೋಗಿದ್ದೆರಿ. ಚಪಾತಿ ನನ್ನನ್ನು ಮದ್ರಾಸಿ ಎಂದು ಇತ್ತ ಕಳಿಸಿತು.”

ಅಷ್ಟರಲ್ಲಿ ತೆಂಗಿನಕಾಯಿ ಚಟ್ನಿ ಹಳಸಿತೆಂದು ಬಡಿಸುವವನು ಎತ್ತಿಕೊಂಡು ಹೋದ. ಬರಿಯ ಇಡ್ಲಿಯನ್ನು ಯಾರು ಮುಟ್ಟುತ್ತಾರೆ? ಅದು ರೊಟ್ಟಿಯ ಜೊತೆಗಿದ್ದ ಒಣ ಚಟ್ನಿಪುಡಿಯತ್ತ, ಶೇಂಗಾ ಹಿಂಡಿಯತ್ತ, ನೋಡಿತು.

“ಸ್ವಲ್ಪ ಹಿಂಡಿ ಸಿಗಬಹುದೇ, ರೊಟ್ಟಿಯವರೇ?”

“ಅದಕ್ಕೇನು, ತಗೋರಿ. ವಾರವಾದರೂ ಕೆಡುವುದಿಲ್ಲ.”

ಅತಿಥಿಗಳು ಬಂದರು. ಎರಡೂ ತಟ್ಟೆಗಳು ಅಕ್ಕಪಕ್ಕದಲ್ಲೇ ಖಾಲಿಯಾಗತೊಡಗಿದವು. ಎದುರು ಮೇಜಿನಿಂದ ಚಪಾತಿ ಕೇಳಿತು: “ಹಿಂಡಿಗೆ ಇಡ್ಲಿ ಏನು ಕೊಟ್ಟಿತಪ್ಪಾ?”

“ಒಂದು ಗೇಣು ಸರಿದು ಕೂತಿತು,” ಎಂದಿತು ರೊಟ್ಟಿ.